ಆರೆಂಟ್ಲ ನಲವತ್ತೆಂಟು

ತಪ್ಪಿದ್ದು ನನ್ನ ಲೆಕ್ಕ, ರುದ್ರಪ್ಪನವರೇ — ನೀವಲ್ಲ. ಕಣೇಕಲ್ಲಿನಲ್ಲಿ ಸುಂಕಮ್ಮ ನೀರಿಗೆ ಸಿಕ್ಕಿ ಸೊಂಟ ಮುರಿದುಕೊಂಡದ್ದಕ್ಕೆ ಊರು ನಿಮ್ಮನ್ನು ಬೈದು ನೀರಗಂಟಿ ಕೆಲಸ ಬಿಡಿಸಿತಲ್ಲ, ಅದಕ್ಕೆ ಕಾರಣ ನಾನು. ಇದನ್ನು ಬರೆಯುವಾಗಲೂ ಯಾರೋ ಹಿಂದೆ ನಿಂತು ಓದುತ್ತಿದ್ದಾರೆ ಅನಿಸಿ ತಿರುಗಿ ನೋಡುತ್ತಿದ್ದೇನೆ.

ನೀವು ಕೆರೆಯ ತೂಬು ಎತ್ತಿದರೂ, ಮೇಲಿನವರು ಕಾಲುವೆಯ ಗೇಟು ತೆಗೆದರೂ ನೀರು ಬಂದು ಬೀಳುತ್ತಿದ್ದದ್ದು ಗದ್ದೆಗಳ ಮುಂದಿನ ಒಂದೇ ಹಳ್ಳಕ್ಕೆ. ಒಂದು ನೀರಾದರೆ ಮೊಣಕಾಲುದ್ದ. ಸುಂಕಮ್ಮನಂಥ ಕಳೆ ಕೀಳುವ ಹೆಂಗಸರು ಸೀರೆ ಎತ್ತಿಕಟ್ಟಿ ದಾಟುತ್ತಿದ್ದರು. ಎರಡೂ ಒಂದೇ ದಿನ ಬಂದರೆ ಆಳು ಮುಳುಗುವಷ್ಟು. ಆ ದಿನ ಯಾವುದೆಂದು ಅವರು ನನ್ನನ್ನು ಕೇಳುತ್ತಿದ್ದರು — ಶಾಲೆಯಲ್ಲಿ ಗಣಿತ ಹೇಳುವವಳಲ್ಲವೇ.

ಹಿಂದಿನ ಬೆಳೆಗೆ ತೂಬಿನ ಸರದಿ ಐದು ದಿನಕ್ಕೊಮ್ಮೆ, ಗೇಟಿನದು ಏಳು ದಿನಕ್ಕೊಮ್ಮೆ ಇತ್ತು. ಐದೇಳ್ಲ ಮೂವತ್ತೈದು ಅಂದೆ, ಸರಿಹೋಯಿತು. ಐದಕ್ಕೂ ಏಳಕ್ಕೂ ನೆಂಟಸ್ತಿಕೆಯಿಲ್ಲ, ಗುಣಿಸಿದರೆ ಸಾಕು. ಮರುವರ್ಷ ಸರದಿ ಆರು ಮತ್ತು ಎಂಟಾಯಿತು. ಎರಡೂ ನೀರು ಕೂಡಿ ಬಂದ ದಿನ, ದಡದಲ್ಲಿ ನಿಂತೇ, ಮುಂದಿನದು ಯಾವಾಗ ಎಂದು ಸುಂಕಮ್ಮ ಕೇಳಿದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು — ಇಲ್ಲ, ಹೊತ್ತೇನೂ ಆಗಿರಲಿಲ್ಲ, ಜಂಬ. "ಇನ್ನ ನಲವತ್ತೆಂಟು ದಿನ ಬಿಡ್ರಿ, ಅಷ್ಟೊತ್ತಿಗೆ ಕಳೆ ಮುಗೀತೈತಿ" ಅಂದೆ. ಆರರಲ್ಲೂ ಎಂಟರಲ್ಲೂ ಎರಡು ಎಂಬ ಸಾಮಾನ್ಯ ಅಪವರ್ತನ ಅಡಗಿದೆ, ಅದನ್ನು ಒಮ್ಮೆ ಮಾತ್ರ ಹಿಡಿಯಬೇಕು. ಲಘುತಮ ಸಾಮಾನ್ಯ ಅಪವರ್ತ್ಯ ಇಪ್ಪತ್ತನಾಲ್ಕು. ಮಕ್ಕಳಿಗೆ ನಾನೇ ಹೇಳಿಕೊಡುವ ಪಾಠ.

ಇಪ್ಪತ್ತನಾಲ್ಕನೇ ದಿನ ಸುಂಕಮ್ಮ ಒಂದೇ ನೀರೆಂದು ನಿಶ್ಚಿಂತೆಯಿಂದ ಹಳ್ಳಕ್ಕಿಳಿದಳು. ನಡುವೆ ಇರುವಾಗ ಎರಡನೇ ನೀರು ಬಂತು. ಮೋರಿಯ ಕಲ್ಲಿಗೆ ಬಡಿದು ಬಿದ್ದವಳನ್ನು ರಾಯದುರ್ಗದ ಆಸ್ಪತ್ರೆಗೆ ಒಯ್ದರು. ಟೀಚರ್ ಲೆಕ್ಕದಲ್ಲಿ ಅಂದು ಎರಡು ನೀರು ಬರುವಂತಿಲ್ಲ; ಗೇಟಿನವರು ತಮ್ಮದು ಸರಿ ಅಂದರು; ಹಾಗಾದರೆ ರುದ್ರಪ್ಪನೇ ದಿನ ತಪ್ಪಿ ತೂಬು ಎತ್ತಿದ್ದಾನೆ — ಊರಿನ ತೀರ್ಮಾನ ಅಷ್ಟೇ. ನಾನು ಆ ಸಂಜೆಯೇ ಬೆರಳು ಮಡಚಿ ಎಣಿಸಿ ನೋಡಿದ್ದೆ. ಇಪ್ಪತ್ತನಾಲ್ಕೇ ಬಂತು. ಪಂಚಾಯ್ತಿ ಕಟ್ಟೆಯ ಮುಂದೆ ನೀವು ಸರದಿಯ ಆರನೇ ದಿನವೇ ಎತ್ತಿದ್ದೇನೆಂದು ಮತ್ತೆ ಮತ್ತೆ ಹೇಳುತ್ತಿದ್ದಿರಿ. ಹೆಂಗಸರ ಹಿಂದೆ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಕೆಲಸ ಹೋದೀತು, ಸುಂಕಮ್ಮನ ಗಂಡ ಮನೆಗೆ ನುಗ್ಗಿಯಾನು — ಏನೇನೋ ಭಯ.

ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ವರ್ಗ ಮಾಡಿಸಿಕೊಂಡು ಈ ಮಡಕಶಿರಾ ಕಡೆಗೆ ಬಂದೆ, ಪಾರಾದೆ ಅಂದುಕೊಂಡೆ. ನೀವೂ ಇಲ್ಲೇ ಹತ್ತಿರದ ಅಗಳಿಯಲ್ಲಿ ಮಗಳ ಮನೆ ಸೇರಿದ್ದು ಗೊತ್ತಿರಲಿಲ್ಲ. ಕಳೆದ ತಿಂಗಳು ಮಡಕಶಿರಾ ಬಸ್ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದು ಹತ್ತಿರ ಬಂದಿರಿ. ಜಗಳಕ್ಕೇ ಬಂದಿರಿ ಅಂದುಕೊಂಡೆ. ಜಗಳಕ್ಕೆ ಬಂದವರಲ್ಲ ನೀವು. ನಿಮ್ಮ ಕಣ್ಣಲ್ಲಿ ನನಗಿಂತ ಹೆಚ್ಚು ಹೆದರಿಕೆ ಇತ್ತು. ತೂಬಿನ ದಿನ ತಪ್ಪಿದಾಗಿನಿಂದ ಅಪ್ಪನಿಗೆ ಮರೆವು ಎಂದು ಮಗಳು ಒಲೆ ಹಚ್ಚಲೂ ಬಿಡುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಂಡು ಬೀದಿಗೆ ಹೋಗಲೂ ಬಿಡುವುದಿಲ್ಲ ಎಂದಿರಿ. ಆಮೇಲೆ ದನಿ ತಗ್ಗಿಸಿದಿರಿ.

"ಲೆಕ್ಕ ಬಲ್ಲೋರು ನೀವು, ಖರೇ ಹೇಳ್ರಿ. ಅವತ್ತು ನಾನು ದಿನ ತಪ್ಪಿದ್ನೇನ್ರಿ?"

"ವಯಸ್ಸಾತಲ್ರಿ, ಮರ್ತಿರಬಹುದು" ಅಂದೆ.

ನೀವು ತಲೆಯಾಡಿಸಿದಿರಿ. ನಂಬಿಬಿಟ್ಟಿರಿ. ಬಸ್ಸು ಹತ್ತುವಾಗ ಈ ಬಸ್ಸು ಅಗಳಿಗೇ ಹೋಗುತ್ತದಲ್ಲವೇ ಎಂದು ಕಂಡಕ್ಟರನನ್ನು ಎರಡೆರಡು ಸಲ ಕೇಳಿದ್ದು ನನಗೆ ಕೇಳಿಸಿತು — ನಿಮ್ಮ ಮೇಲೆ ನಿಮಗೇ ಇದ್ದ ನಂಬಿಕೆಯನ್ನು ನಾನು —

ಈ ಭಾನುವಾರ ಅಗಳಿಗೆ ಬರುತ್ತೇನೆ. ನಿಮ್ಮ ಮಗಳ ಎದುರಿಗೇ ಹೇಳುತ್ತೇನೆ. ಅಲ್ಲಿಂದ ಕಣೇಕಲ್ಲಿಗೆ, ಸುಂಕಮ್ಮನ ಮನೆಗೆ. ಅವಳು ಏನು ಮಾಡುತ್ತಾಳೋ ಗೊತ್ತಿಲ್ಲ. ಮಾಡಲಿ. ನಿಮಗೆ ಮರೆವಿರಲಿಲ್ಲ, ರುದ್ರಪ್ಪನವರೇ. ನೀವು ಆರನೇ ದಿನವೇ ಎತ್ತಿದ್ದಿರಿ.