ಶಾಲಿ ಅಲಮಾರಿಯಾಗ ಚಮನಬೀಯ ಚೂರಿ

ಶಾಲಿಯವರು ಚಮನಬೀ ಖಾಲಾನ ಚೂರಿ ಇಟ್ಟುಕೊಂಡು ಮೂರು ವರ್ಷ ಆಯ್ತು. ಅದರ ಸಿಟ್ಟು ನನಗ ಇನ್ನೂ ಇಳಿದಿಲ್ಲ.

ಶಹಾಪುರದಾಗ ನಂದೊಂದು ಮಟನ್ ಅಂಗಡಿ. ಅದರ ಕಟ್ಟಿ ಮ್ಯಾಲ ಖಾಲಾ ಕೂಡ್ತಾಳ; ಓಣಿಗೆಲ್ಲ ಅಕಿ ಖಾಲಾ, ಅಂದರ ಚಿಕ್ಕವ್ವ. ಗಂಡ ಸತ್ತಾಗಿಂದ ಇಪ್ಪತ್ತು ವರ್ಷ, ಆಡಿನ ತಲಿ ಸುಟ್ಟು, ಕಾಲು ಕೆರೆದು, ಕರುಳು-ಬೋಟಿ ತೊಳದು ಮಾರಕೋತ ಬಂದಾಳ. ಗಂಡನ ಚೂರಿ ಮಸದು ಮಸದು ಬೇವಿನ ಎಲಿಯಷ್ಟು ತೆಳ್ಳಗಾಗಿತ್ತು. ಅದರಿಂದ ಕರುಳು ಸೀಳಿದರ ಎಲ್ಲೂ ಹರೀತಿರಲಿಲ್ಲ.

ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳೋ ರೇವತಿ ಟೀಚರ್ ಒಂದಿನ ಅಂಗಡಿಗೆ ಬಂದು ಆಡಿನ ಗುಂಡಗಿ ಕೇಳಿದರು, ಮಕ್ಕಳ ಮುಂದ ಕೊಯ್ದು ತೋರಸಾಕ. ಕೊಟ್ಟೆ. ನೋಡಿದವರೇ, "ಅಯ್ಯ, ಸೀಳಿಬಿಟ್ಟೀರಲ್ರಿ! ನಾಕು ಕೋಣಿ ಹೆಂಗ ತೋರಸ್ಲಿ?" ಅಂದರು.

"ಒಳಗಿನ ರಗತ ತೆಗೀಬೇಕಲ್ರಿ! ಸೀಳದ ಕೊಟ್ರ ಗಿರಾಕಿ ನನ್ನ ಮಾರಿಗೆ ಒಗೀತಾರ. ಮೊದಲೇ ಹೇಳಾಕ ಏನಾಗಿತ್ತು?"

"ಬಾಯಿ ಮುಚ್ಚೋ ಹಾಶಿಮ," ಅಂದಳು ಖಾಲಾ. ತನ್ನ ಬುಟ್ಟಿಯಿಂದ ಚೂರಿ ತಾಗದ ಗುಂಡಗಿ ತೆಗೆದಳು. ಪುಪ್ಪಸ, ಗಾಳಿಕೊಳವಿ ಎಲ್ಲಾ ಹತ್ತಿಕೊಂಡೇ ಇದ್ದವು.

ಶಾಲಿಯ ಬ್ಲೇಡಿಗೆ ತುಕ್ಕು ಹಿಡಿದಿತ್ತಂತ. "ನೀವೂ ಬರ್ರಿ ಅಜ್ಜಿ," ಅಂದರು ಟೀಚರ್. ಖಾಲಾ ಚೂರಿಯನ್ನ ಬಟ್ಟಿಯಾಗ ಸುತ್ತಿಕೊಂಡು ಹೊಂಟಳು. ಬುಟ್ಟಿ ಹೊತ್ತು ನಾನೂ ಹೋದೆ.

ಟೇಬಲ್ ಮ್ಯಾಲ ಪೇಪರ್ ಹಾಸಿದ್ದರು. ಖಾಲಾ ಪೆನ್ನಿನ ಖಾಲಿ ಕೊಳವಿಯನ್ನ ಗಾಳಿಕೊಳವಿಗೆ ಸಿಕ್ಕಿಸಿ ಊದಿದಳು. ಪುಪ್ಪಸ ಉಬ್ಬಿ ನಿಂತಿತು. ಹುಡುಗ್ಯಾರು ಚೀರಿದರು, ಹಿಂದಿನ ಬೆಂಚಿನವರೆಲ್ಲ ಮುಂದ ಬಂದರು. ಆಮ್ಯಾಲ ಟೀಚರ್ ಬೆರಳು ತೋರಿಸಿದ ಕಡೆ ಚೂರಿ ಇಟ್ಟು ಗುಂಡಗಿ ಬಿಡಿಸಿದಳು. ನಾಕೂ ಕೋಣಿ ಒಂಚೂರೂ ಹರೀಲಿಲ್ಲ.

"ಅಜ್ಜಿ, ಮನುಷ್ಯಾರ್ದೂ ಹಿಂಗ ಇರ್ತದೇನ್?" ಒಬ್ಬಾಕಿ ಕೇಳಿದಳು.

"ನಾ ಕೊಯ್ದಿಲ್ಲವ್ವ. ಹಾಶಿಮಗ ಕೇಳು, ದಿನಾ ಒಬ್ಬೊಬ್ಬರನ್ನ ಕೊಯ್ತೀನಿ ಅಂತಾನ."

ಕ್ಲಾಸು ನಗೋದರಾಗ ಹೆಡ್‌ಮಾಸ್ತರ್ ಬಂದರು. "ಶಾಲಿಯೊಳಗ ಚೂರಿ! ಏನ್ರಿ ಇದು?" ಕಸಗೊಂಡು ಅಲಮಾರಿಗೆ ಹಾಕಿ ಕೀಲಿ ಹಾಕಿದರು. "ಅರ್ಜಿ ಬರದು ಕೊಟ್ಟು ಒಯ್ಯಿರಿ."

ನಾ ಕಲಿತದ್ದು ನಾಕನೇ ಕ್ಲಾಸ್ ತನಕ. ಆದರೂ ಅರ್ಜಿ ಬರದೆ. ಕೀಲಿ ಕ್ಲಾರ್ಕ್ ಬಲ್ಲಿ ಅದ ಅಂದರು. ಕ್ಲಾರ್ಕ್ ರಜಾ. ಅಷ್ಟರಾಗ ಹೆಡ್‌ಮಾಸ್ತರ್ ವರ್ಗ ಆಗಿ ಹೋದರು. ಹೊಸಬರು ರಜಿಸ್ಟರ್ ತೆರೆದು, "ಇಲ್ಲಿ ವಿಜ್ಞಾನದ ಸಾಮಾನು ಅಂತ ಬರದಾರ. ಕೊಡಾಕ ಬರಂಗಿಲ್ಲ," ಅಂದರು. ಟೇಬಲ್ ಗುದ್ದಿದೆ. ಕೈ ನೋವಾಯ್ತು, ಅಷ್ಟೇ. ರೇವತಿ ಟೀಚರ್ ತಲಿ ತಗ್ಗಿಸಿ ನಿಂತಿದ್ದರು.

ಖಾಲಾ ಈಗ ನನ್ನ ದಪ್ಪ ಚೂರಿಲೆ ಕೆಲಸ ಮಾಡ್ತಾಳ. ಕರುಳು ಹರೀತಾವ, ಗಿರಾಕಿ ಮಾರಿ ತಿರುವಿ ಹೋಗ್ತಾರ. ಮುಂಜಾನಿಗೇ ಖಾಲಿ ಆಗ್ತಿದ್ದ ಬುಟ್ಟಿ ಮಧ್ಯಾಹ್ನದ ತನಕ ಹಂಗೇ ಇರ್ತದ.

ಈ ವರ್ಷ ಮತ್ತ ಗುಂಡಗಿ ಪಾಠ. ಚೂರಿ ಮೊಂಡಾಗ್ಯಾದ, ಅಜ್ಜಿ ಬಂದು ಮಸದು ಕೊಡಬೇಕಂತ ಶಾಲಿಯಿಂದ ಹೇಳಿ ಕಳಿಸಿದರು. ಹೋದಳು ನೋಡ್ರಿ! ಶಾಲಿ ಮೆಟ್ಟಲ ಮ್ಯಾಲ ಕುಂತು ಮಸದಳು, ಉಗುರಿನ ಮ್ಯಾಲ ಅಂಚು ನೋಡಿದಳು, ಗುಂಡಗಿ ಬಿಡಿಸಿ ತೋರಿಸಿದಳು. ಕಡೀಕ ಚೂರಿ ತೊಳದು, ಎಣ್ಣಿ ಸವರಿ, ತಿರುಗಿ ಅವರ ಕೈಗೇ ಕೊಟ್ಟು ಬಂದಳು.

"ಕೈಗೆ ಬಂದಿತ್ತಲ್ಲ ಖಾಲಾ! ಹಿಡಕೊಂಡು ಬರಾಕ ಏನಾಗಿತ್ತು?" ಅಂತ ಚೀರಿದೆ.

"ಮಕ್ಳು ನೋಡಾಕತ್ತಿದ್ದರಲ್ಲೋ," ಅಂದಳು. ನನ್ನ ದಪ್ಪ ಚೂರಿ ತಗೊಂಡು ಬೋಟಿ ಮುಂದ ಕುಂತಳು.

ಅಕಿ ಚೂರಿ ಇವತ್ತಿಗೂ ಅಲಮಾರಿಯಾಗ ಅದ.