ಶಿಷ್ಯೆಯ ಕಾರಿನ ರೇಡಿಯೊ

ಕಳೆದ ಶುಕ್ರವಾರ ಬೆಳಗ್ಗೆ ಐದೂವರೆಗೆ, ಚಾಮುಂಡಿ ಬೆಟ್ಟದ ಪಾದದಲ್ಲಿ, ನಾಗರತ್ನ ನನ್ನ ಕೈಗೊಂದು ಹಸಿರು ಬಾವುಟ ಕೊಟ್ಟರು. 'ಸಾರ್, ಇವತ್ತೂ ಪಾರ್ಕಿಂಗ್ ನೀವೇ ನೋಡ್ಕೊಂಬುಡಿ' ಅಂದರು.

ಪಾರ್ಕಿಂಗ್. ನಾನು. ಹದಿನಾಲ್ಕು ವರ್ಷ ಆಷಾಢ ಶುಕ್ರವಾರಗಳಲ್ಲಿ ಮೆಟ್ಟಿಲ ಬುಡದ ಮೇಜಿನ ಹಿಂದೆ ಕೂತು, ಮೈಕ್ ಹಿಡಿದು, ಇಡೀ ಬೆಟ್ಟವನ್ನು ನಡೆಸಿದ ನಾನು. (ಬೆಟ್ಟವನ್ನು ನಡೆಸುವವಳು ಮೇಲೆ ಕೂತಿದ್ದಾಳೆ, ಗೊತ್ತು. ಆದರೂ.)

ನಾನೊಬ್ಬ ಹ್ಯಾಮ್ ಎಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಒಂದೇ ಮಾತು. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವ ಜನ ನಾವು. ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅನ್ನುತ್ತೀರಾ? ಆಷಾಢ ಶುಕ್ರವಾರ ಒಮ್ಮೆ ಬೆಟ್ಟ ಹತ್ತಿ ನೋಡಿ. ಜನ ಸೇರಿದಷ್ಟೂ ನೆಟ್‌ವರ್ಕ್ ಸಾಯುತ್ತದೆ. ಮೆಟ್ಟಿಲ ಮೇಲೆ ಯಾರಾದರೂ ತಲೆಸುತ್ತಿ ಬಿದ್ದರೆ ಕೆಳಗಿರುವ ಸ್ಟ್ರೆಚರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಕೈಯಲ್ಲಿರುವ ಸಣ್ಣ ರೇಡಿಯೊಗಳು.

ಅದರಲ್ಲೂ ಒಂದು ತೊಡಕಿದೆ. ಅರ್ಧ ಬೆಟ್ಟ ದಾಟಿದ ಮೇಲೆ ಬಂಡೆ, ಮರ, ತಿರುವು ಅಡ್ಡ ಬಂದು ಕೈ ರೇಡಿಯೊದ ದನಿ ಕೆಳಗಿನ ಮೇಜಿಗೆ ಕೇಳಿಸುವುದಿಲ್ಲ. ನನ್ನ ಕಾಲದಲ್ಲಿ ನಡುವೆ ಇಬ್ಬರನ್ನು ನಿಲ್ಲಿಸುತ್ತಿದ್ದೆ. ಮೇಲಿನವನು ಹೇಳಿದ್ದನ್ನು ನಡುವಿನವನು ಕೇಳಿ ನನಗೆ ಹೇಳುತ್ತಿದ್ದ. ಸ್ಟ್ರೆಚರ್ ಕೇಳಿದರೆ ಕೆಲವೊಮ್ಮೆ ನೀರಿನ ಕ್ಯಾನ್ ಹೋಗುತ್ತಿತ್ತು. ಆದರೂ ಎಲ್ಲರೂ 'ಸಾರ್ ಇದ್ದಾರಲ್ಲ' ಅನ್ನುತ್ತಿದ್ದರು. ಆ ಮಾತು ಕೇಳುವುದಕ್ಕೇ ನಾನು ವರ್ಷವಿಡೀ ಆಷಾಢಕ್ಕೆ ಕಾಯುತ್ತಿದ್ದೆ.

ಈ ವರ್ಷ ನಾಗರತ್ನ ಬಂದರು.

ಬಂದರು ಎನ್ನುವುದೂ ತಪ್ಪು. ಕರೆತಂದವನೇ ನಾನು. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವ ಕೆಲಸ ಅವರದು. ಮೂರು ವರ್ಷದ ಹಿಂದೆ ಶಿಫ್ಟ್ ಮುಗಿಸಿ, ಬಸ್ಸಿಳಿದು, ನೇರ ನಜರ್‌ಬಾದಿನ ನಮ್ಮ ಮನೆಗೆ ಬರುತ್ತಿದ್ದರು. ಜಗುಲಿಯಲ್ಲಿ ಕೂರಿಸಿ ಪಾಠ ಹೇಳಿದೆ. ಪರೀಕ್ಷೆ ಪಾಸಾದಾಗ ಒಂದು ಡಬ್ಬ ನಿಪ್ಪಟ್ಟು ತಂದುಕೊಟ್ಟು ಕಾಲಿಗೆ ನಮಸ್ಕಾರ ಮಾಡಿದರು. 'ನನ್ನ ಶಿಷ್ಯೆ' ಎಂದು ಊರಿಗೆಲ್ಲ ಸಾರಿಕೊಂಡು ತಿರುಗಿದೆ. ಶಿಷ್ಯೆ ಶಿಷ್ಯೆಯಾಗಿಯೇ ಇರುವಷ್ಟು ದಿನ ಎಷ್ಟು ಚಂದ, ಅಲ್ಲವೇ?

ಈ ಆಷಾಢದ ಮೊದಲ ಶುಕ್ರವಾರ ನಾಗರತ್ನ ತಮ್ಮ ಕಾರನ್ನು ಪಾಸ್ ಪಡೆದು ಮೇಲಕ್ಕೆ ಒಯ್ದು, ನಂದಿಯ ಹತ್ತಿರದ ತಿರುವಿನಲ್ಲಿ ನಿಲ್ಲಿಸಿದರು. ಕಾರಿನಲ್ಲಿದ್ದ ರೇಡಿಯೊದ ಒಂದು ಬಟನ್ ಒತ್ತಿ ಹಿಡಿದರು. ಕೀಂ ಅಂತು. ಬಾಗಿಲು ಹಾಕಿಕೊಂಡು ಕೆಳಗೆ ಬಂದು ನನ್ನ ಮೇಜಿನ ಪಕ್ಕ ನಿಂತರು.

ಅಷ್ಟೇ. ಇಡೀ ಬೆಟ್ಟ ಮಾತಾಡತೊಡಗಿತು. ತುದಿಯ ಮೆಟ್ಟಿಲಲ್ಲಿದ್ದವನ ಉಸಿರು ಕೂಡ ಮೇಜಿಗೆ ಕೇಳಿಸುತ್ತಿತ್ತು.

ಇದಕ್ಕೆ ಕ್ರಾಸ್‌ಬ್ಯಾಂಡ್ ರಿಪೀಟ್ ಎಂದು ಹೆಸರು. ಕಾರಿನ ರೇಡಿಯೊಗೆ ಎರಡು ಬ್ಯಾಂಡ್. ಒಂದರಲ್ಲಿ ಕೇಳಿಸಿಕೊಂಡದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಕೈ ರೇಡಿಯೊದ ಬಡ ದನಿ ಕಾರಿನವರೆಗೆ ತಲುಪಿದರೆ ಸಾಕು, ಉಳಿದದ್ದು ಕಾರಿನ ಜವಾಬ್ದಾರಿ. ನಡುವೆ ಮನುಷ್ಯ ಬೇಡ. ನೀರಿನ ಕ್ಯಾನೂ ಹೋಗುವುದಿಲ್ಲ.

'ಎಂಗೆ ಮಾಡಿದ್ರಿ ಮೇಡಂ ಇದನ್ನ?' ಎಂದು ಮಂಜುನಾಥ ಬಾಯಿ ಬಿಟ್ಟುಕೊಂಡು ಕೇಳಿದ. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಈ ಮಂಜುನಾಥ ನಮ್ಮ ಹಳೆಯ ಸ್ವಯಂಸೇವಕ. ಹಿಂದೆ ನನ್ನನ್ನು ನೋಡಿ ಬಾಯಿ ಬಿಡುತ್ತಿದ್ದವನು.

'ಏನೂ ಇಲ್ಲ ಕಣ್ರೀ, ಮ್ಯಾನ್ಯುಯಲ್ ಓದ್ದೆ' ಅಂದರು ನಾಗರತ್ನ.

ಅವತ್ತು ಹೊಟ್ಟೆಯಲ್ಲಿ ಬೆಂಕಿ ಬಿದ್ದಿತು, ಸುಳ್ಳು ಹೇಳುವುದಿಲ್ಲ. ಯಾಕೆ ಗೊತ್ತೇ? ಅದೇ ಕಂಪನಿಯ ಅದೇ ರೇಡಿಯೊ ನನ್ನ ಕಾರಿನಲ್ಲೂ ಇದೆ. ನಾಲ್ಕು ವರ್ಷದಿಂದ ಇದೆ. ಆ ಬಟನ್ ಅದರಲ್ಲೂ ಇದೆ. ಮ್ಯಾನ್ಯುಯಲ್‌ನ ಆ ಪುಟವನ್ನು ನಾನು ತೆರೆದೇ ಇರಲಿಲ್ಲ. ಗುರುವಿಗೇ ತಿರುಮಂತ್ರ.

ಮಧ್ಯಾಹ್ನದ ಹೊತ್ತಿಗೆ ಮೇಜು ಅವರದಾಯಿತು. ಯಾರೂ ನನ್ನನ್ನು ಏಳಿಸಲಿಲ್ಲ. ಕಾಫಿಗೆ ಹೋಗಿ ಬಂದೆ, ಅವರು ಕೂತಿದ್ದರು. ಎಲ್ಲರೂ ಅವರನ್ನೇ ಕೇಳುತ್ತಿದ್ದರು. ಎರಡನೇ ಶುಕ್ರವಾರದಿಂದ ನನ್ನ ಕೈಗೆ ಬಾವುಟ ಬಂತು.

ಮನೆಯಲ್ಲಿ ನನ್ನ ಹೆಂಡತಿ ವಿಮಲಾ ಕೇಳಿದಳು, 'ನೀವೇ ಕಲ್ಸಿದ ಹುಡ್ಗಿ ಅಲ್ವಾ? ಖುಷಿ ಪಡೋದು ಬುಟ್ಟು ಯಾಕ್ರೀ ಮುಖ ಊದಿಸ್ಕೊಂಡು ಕೂತಿದೀರಾ?'

'ಖುಷಿಯಾಗಿಯೇ ಇದೀನಲ್ಲ' ಅಂದೆ. ತಟ್ಟೆಯಲ್ಲಿದ್ದ ಉಪ್ಪಿಟ್ಟು ತಣ್ಣಗಾಗಿತ್ತು.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದುವರೆಗೆ ಮನೆಯಾಚೆ ಯಾರಿಗೂ ಹೇಳಿಲ್ಲ. ಮೂರನೇ ಶುಕ್ರವಾರಕ್ಕೆ ಮುಂಚೆ ನಾಗರತ್ನ ಅವರನ್ನೇ ಕೇಳಿದೆ, ಸೆಟ್ಟಿಂಗ್ ಏನೇನು ಇಟ್ಟಿದ್ದೀರಿ ಎಂದು. ಪಾಪ, ಎರಡು ಫ್ರೀಕ್ವೆನ್ಸಿ, ಟೋನ್, ಪವರ್ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟರು. 'ನೀವು ಒಂದ್ಸಲ ಚೆಕ್ ಮಾಡಿ ಸಾರ್, ತಪ್ಪಿದ್ರೆ ಹೇಳಿ' ಎಂದೂ ಸೇರಿಸಿದರು.

ತಪ್ಪಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಚೀಟಿಯನ್ನು ಹಾಗೆಯೇ ನನ್ನ ಕಾರಿನ ರೇಡಿಯೊಗೆ ಇಳಿಸಿದೆ. ಮೇಲಿನ ಕಾರಿಗೆ ಎಟುಕದ ಮೂಲೆ ಎಲ್ಲಾದರೂ ಇರಬಹುದು. ಅಲ್ಲಿಂದ ಯಾರೋ ಕರೆಯುತ್ತಾರೆ, ಆಗ ನನ್ನ ಕಾರು ಉತ್ತರ ಕೊಡುತ್ತದೆ, ಎಲ್ಲರೂ ತಿರುಗಿ ನೋಡಿ 'ಸಾರ್ ಇದ್ದಾರಲ್ಲ' ಅನ್ನುತ್ತಾರೆ. ಐವತ್ತೆಂಟು ವರ್ಷದವನು ಕಾಣುವ ಕನಸೇ ಇದು? ಕಂಡೆ.

ಕಳೆದ ಶುಕ್ರವಾರ ಪಾದದ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ, ವಾಲ್ಯೂಮ್ ಪೂರ್ತಿ ತಗ್ಗಿಸಿ, ಬಟನ್ ಒತ್ತಿ ಹಿಡಿದೆ. ಕೀಂ ಅಂತು. ಬಾಗಿಲು ಹಾಕಿ, ಬಾವುಟ ಹಿಡಿದು, ಏನೂ ಅರಿಯದವನ ಹಾಗೆ ಹೊರಟೆ.

ಹತ್ತು ನಿಮಿಷವೂ ಆಗಿರಲಿಲ್ಲ. ಮೇಜಿನ ಕಡೆಯಿಂದ 'ಕ್ರ್‌ರ್‌ರ್' ಎಂಬ ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ. ನಾಗರತ್ನ ಮೈಕ್ ಒತ್ತುತ್ತಾರೆ, ಯಾರೂ ಉತ್ತರಿಸುವುದಿಲ್ಲ. ಬರೀ ಕರ್ಕಶ ಸದ್ದು.

ನನಗೆ ಏನನ್ನಿಸಿತು ಹೇಳಲೇ? ಹಾಲು ಕುಡಿದಷ್ಟು ಸಂತೋಷವಾಯಿತು. ಟೋಪಿ ಸರಿಮಾಡಿಕೊಂಡು ಮೇಜಿನ ಹತ್ತಿರ ಹೋದೆ. ನಾಗರತ್ನ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು.

'ಓವರ್‌ಹೀಟ್ ಆಗಿರ್ಬೇಕು. ಈ ಹೊಸ ಐಡಿಯಾಗಳೆಲ್ಲ ಹೀಗೇ' ಅಂದೆ. ಹಿರಿಯನಿಗೆ ತಕ್ಕ ಗಾಂಭೀರ್ಯದಿಂದ.

ಅಷ್ಟರಲ್ಲಿ ಮಂಜುನಾಥ ಓಡುತ್ತಾ ಬಂದ. ಬರಿಗಾಲು. ಹೆಬ್ಬೆರಳು ಒಡೆದು ರಕ್ತ ಸೋರುತ್ತಿತ್ತು.

'ಆವಾಗ್ಲಿಂದ ಕೂಗ್ತಾ ಇದೀನಿ, ಯಾರೂ ತಗೋತಿಲ್ವಲ್ರೀ' ಅಂದ. 'ಅರ್ಧದಲ್ಲಿ ಒಬ್ರು ಹೆಂಗಸು ಬಿದ್ಬುಟ್ಟವ್ರೆ. ಮಾತೇ ಆಡ್ತಿಲ್ಲ. ಸ್ಟ್ರೆಚರ್ ಕಳ್ಸಿ.'

ಸ್ಟ್ರೆಚರಿನವರು ಓಡಿದರು. ನನ್ನ ಕಾರಿನಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬವಿತ್ತು. ಮಂಜುನಾಥನ ಕಾಲಿಗಾದರೂ ಆಗಲಿ ಎಂದು ತರಲು ಹೋದೆ. ಬಾಗಿಲು ತೆಗೆದರೆ ರೇಡಿಯೊದ ಕೆಂಪು ದೀಪ ಉರಿಯುತ್ತಿದೆ. ಮುಟ್ಟಿದರೆ ಕೈ ಸುಡುತ್ತದೆ.

ಆಗ ಹೊಳೆಯಿತು. ಮೇಲಿನ ಕಾರು ಒಂದು ಬ್ಯಾಂಡಿನಲ್ಲಿ ಹೇಳಿದ್ದನ್ನು ನನ್ನ ಕಾರು ಕೇಳಿ ಇನ್ನೊಂದರಲ್ಲಿ ಹೇಳುತ್ತಿದೆ. ನನ್ನದು ಹೇಳಿದ್ದನ್ನು ಮೇಲಿನದು ಕೇಳಿ ಮತ್ತೆ ಹೇಳುತ್ತಿದೆ. ಎರಡು ಕಾರುಗಳು ಬಾಯಿ ಮುಚ್ಚದೆ ಒಂದಕ್ಕೊಂದು ಒದರಿಕೊಳ್ಳುತ್ತಿವೆ. ನಡುವೆ ಮನುಷ್ಯರ ಮಾತು ನುಗ್ಗಲು ಜಾಗವೇ ಇಲ್ಲ. ಒಂದೇ ಕಡೆ, ಒಂದೇ ಜೋಡಿ ಫ್ರೀಕ್ವೆನ್ಸಿಯಲ್ಲಿ, ಇಂಥ ಎರಡು ರೇಡಿಯೊ ಇಡಬಾರದು. ನಿನ್ನೆ ಲೈಸೆನ್ಸ್ ಪಡೆದವನೂ ಎರಡು ನಿಮಿಷ ಯೋಚಿಸಿದರೆ ಹೇಳುತ್ತಾನೆ. ನಾನು ಯೋಚಿಸಿರಲಿಲ್ಲ. ಹೊಟ್ಟೆ ಉರಿಯುವಾಗ ತಲೆ ಎಲ್ಲಿ ಓಡುತ್ತದೆ?

ಸ್ವಿಚ್ ಆರಿಸಿದೆ. ಆ ಕ್ಷಣವೇ ಮೇಜಿನ ಸದ್ದು ನಿಂತಿತು.

ಡಬ್ಬ ಹಿಡಿದು ಬಂದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

'ಸಾರ್ ಏನೋ ಮಾಡಿದ್ರು, ಸರಿಹೋಯ್ತು' ಅಂದ ಯಾರೋ.

ನಾಗರತ್ನ ಕೈ ಮುಗಿದರು. 'ಅನುಭವ ಅಂದ್ರೆ ಇದು ಕಣ್ರೀ' ಎಂದು ಉಳಿದವರಿಗೆ ಹೇಳಿದರು.

ನಾನು ಬಗ್ಗಿ ಮಂಜುನಾಥನ ಬೆರಳಿಗೆ ಬಟ್ಟೆ ಸುತ್ತತೊಡಗಿದೆ. 'ಏನ್ ಮಾಡಿದ್ರಿ ಸಾರ್?' ಎಂದು ಅವನು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಜೇಬು ಮುಟ್ಟಿ ನೋಡಿಕೊಂಡೆ, ಕಾರಿನ ಕೀ ಅಲ್ಲಿತ್ತು.

'ಏನಿಲ್ಲ, ಅದೇ ನಿಲ್ತು' ಅಂದೆ. ಅದನ್ನು ಅವರು ವಿನಯ ಎಂದುಕೊಂಡರು.

ಬಿದ್ದಿದ್ದ ಹೆಂಗಸು ಉಪವಾಸದಲ್ಲಿದ್ದರಂತೆ. ಕೆಳಗೆ ತಂದು ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂತರು. 'ತಾಯಿ ಕಾಪಾಡಿದ್ಲು' ಅಂದರು. ಹೌದು, ತಾಯಿಯೇ ಕಾಪಾಡಿದಳು. ಅವರನ್ನಷ್ಟೇ ಅಲ್ಲ.

ಸಂಜೆ ಸಾಮಾನು ಕಟ್ಟುವಾಗ ನಾಗರತ್ನ ನನ್ನ ಪಕ್ಕ ಬಂದು ಕೂತರು. ಮುಖ ಬಾಡಿತ್ತು.

'ಸಾರ್, ಜೀವದ ವಿಷ್ಯ ಇದು. ನನ್ ಸೆಟ್ ನಂಬೋಕಾಗಲ್ಲ. ಬಿಚ್ಚಿ ರಿಪೇರಿಗೆ ಕಳುಸ್ಬುಡ್ತೀನಿ. ಕೊನೇ ಶುಕ್ರವಾರ ಮೇಜಿಗೆ ನೀವೇ ಕೂತ್ಕೊಳ್ಳಿ. ನಾನು ಪಾರ್ಕಿಂಗ್ ನೋಡ್ಕೋತೀನಿ.'

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇದೇ ಸಮಯ, ಹೇಳಿಬಿಡು ಎಂದುಕೊಂಡೆ. ಬಾಯಿಂದ ಬಂದದ್ದು ಮಾತ್ರ 'ನೋಡೋಣ ಬಿಡಿ'.

ಅವತ್ತಿನಿಂದ ಮೂರು ಸಲ ಫೋನ್ ಮಾಡಿದ್ದೇನೆ. ಮೊದಲ ಸಲ ಮಳೆಯ ಬಗ್ಗೆ ಮಾತಾಡಿದೆ. ಎರಡನೇ ಸಲ ಅವರ ಶಿಫ್ಟ್ ಯಾವುದು ಎಂದು ವಿಚಾರಿಸಿದೆ. ಮೂರನೇ ಸಲ ಅವರೇ ಹೇಳಿದರು, ಮ್ಯಾನ್ಯುಯಲ್ ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದ್ದಾರಂತೆ. ತಪ್ಪು ಎಲ್ಲಿದೆ ಎಂದೇ ಗೊತ್ತಾಗುತ್ತಿಲ್ಲವಂತೆ. ಎರಡು ದಿನದಿಂದ ಸರಿಯಾಗಿ ಊಟ ಸೇರುತ್ತಿಲ್ಲವಂತೆ. ನನಗೆ ಆಗಲೂ ಹೊಟ್ಟೆಕಿಚ್ಚೇ ಆಯಿತು. ಮಾಡದ ತಪ್ಪಿಗೆ ಅವರಿಗೆ ಊಟ ಸೇರುತ್ತಿಲ್ಲ. ಮಾಡಿದ ನನಗೆ ವಿಮಲಾ ಬಡಿಸಿದ್ದೆಲ್ಲ ಸೇರುತ್ತಿದೆ. ಅಂಥ ಮನಸ್ಸು ನನಗೇಕೆ ಬರಲಿಲ್ಲ?

ನಿನ್ನೆ ವಿಮಲಾಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. 'ಅವರ ಎದ್ರುಗೆ ಹೇಳಕ್ಕಾಗ್ದಿದ್ರೆ ಬರೀರಿ. ವಾರವಾರ ಊರಿನವರ ಹುಳುಕೆಲ್ಲ ಬರೀತೀರಲ್ಲ' ಅಂದಳು, ಅಷ್ಟೇ.

ಈ ಅಂಕಣ ನಿಮ್ಮ ಕೈಗೆ ಬರುವುದು ಗುರುವಾರ ಬೆಳಗ್ಗೆ. ಸಂಜೆ ಶಿಫ್ಟ್ ಮುಗಿಸಿ ಬಂದು ನಾಗರತ್ನ ರೇಡಿಯೊ ಬಿಚ್ಚುತ್ತಾರೆ. ಬೆಳಗಾದರೆ ಕೊನೆಯ ಶುಕ್ರವಾರ. ಅವರ ಕಾರ್ಖಾನೆಯ ಕ್ಯಾಂಟೀನಿಗೆ ಈ ಪತ್ರಿಕೆ ಬರುತ್ತದೆ ಎಂದು ಕೇಳಿದ್ದೇನೆ. ಹೆಬ್ಬಾಳದ ಕಡೆಯ ಓದುಗರು ಯಾರಾದರೂ ದಯವಿಟ್ಟು ಈ ಪುಟವನ್ನು ಅವರ ಮುಂದೆ ಇಡಿ.

ನಾಗರತ್ನ ಅವರೇ, ರೇಡಿಯೊ ಬಿಚ್ಚಬೇಡಿ, ನಾಳೆ ಕಾರನ್ನು ನಂದಿಯ ತಿರುವಿಗೇ ಒಯ್ಯಿರಿ. ಅವತ್ತು ಕೆಳಗೆ ನಿಂತು ನಿಮ್ಮ ಬಾಯಿ ಮುಚ್ಚಿಸಿದ ಕಾರು ನನ್ನದು.