ಪಾಲಯ್ಯ ಸೋತ ಆಟ

ಕುರುಗೋಡಿನ ಪೈಲ್ವಾನ ಪಾಲಯ್ಯ ಕುಸ್ತಿಯಲ್ಲಿ ತೊಡೆ ಎಲುಬು ಮುರಿದುಕೊಂಡು ಮಂಚ ಹಿಡಿದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, ಮಳೆಗಾಲ ಮುಗಿಯುವವರೆಗೆ ಕಾಲು ನೆಲಕ್ಕೆ ಊರಬೇಡ ಎಂದು ಹೇಳಿ ಹೋದರು. ಮೊದಮೊದಲು ಊರೇ ಬಂದು ನೋಡಿತು. ಬಿತ್ತನೆ ಶುರುವಾದ ಮೇಲೆ ಯಾರೂ ಸುಳಿಯಲಿಲ್ಲ. ಮಲಗಿದಲ್ಲೇ ಮೈ ಕರಗುವುದನ್ನು ನೋಡುತ್ತ ಪಾಲಯ್ಯ ಸಿಕ್ಕವರ ಮೇಲೆಲ್ಲ ಹರಿಹಾಯುತ್ತಿದ್ದ. ಹೆಂಡತಿ ಶಿವಬಸಮ್ಮ ಸುಮ್ಮನೆ ಸಹಿಸಿಕೊಂಡಳು.

ಆಗ ಬಂದವನು ದಸ್ತಗೀರಸಾಬ್, ಅವನ ಜೊತೆ ಶಾಲೆ ಕಲಿತವನು. ಪಲ್ಟನ್ ಸೇರಿ, ಮಹಾಯುದ್ಧ ಮುಗಿದ ಮೇಲೆ ಸೋತ ಜಪಾನಿನಲ್ಲಿ ಕಾವಲಿಗಿದ್ದು ಊರಿಗೆ ಮರಳಿದ್ದ. ಅಲ್ಲಿ ಗೋ ಎಂಬ ಆಟ ಕಲಿತಿದ್ದ. ಹಲಗೆಯ ಮೇಲೆ ಇದ್ದಿಲಿನಿಂದ ಅಡ್ಡುದ್ದ ಗೆರೆ ಎಳೆದು, ಪಾಲಯ್ಯನಿಗೆ ಹುಣಸೆ ಬೀಜ ಕೊಟ್ಟು, ಗುಡ್ಡದಲ್ಲಿ ಆರಿಸಿದ ಬಿಳಿ ಹರಳು ತಾನಿಟ್ಟುಕೊಂಡ. ಗೆರೆಗಳು ಕೂಡುವಲ್ಲಿ ಒಂದೊಂದೇ ಕಾಯಿ ಇಡಬೇಕು. ನಾಲ್ಕೂ ದಿಕ್ಕಿಗೆ ಸುತ್ತುಗಟ್ಟಿದರೆ ಒಳಗಿನದು ಸೆರೆ. ಕೊನೆಗೆ ಹೆಚ್ಚು ಜಾಗ ಹಿಡಿದವನೇ ಗೆದ್ದಂತೆ.

ಪಾಲಯ್ಯನಿಗೆ ಜಾಗ ಬೇಕಿರಲಿಲ್ಲ, ಸೆರೆ ಬೇಕಿತ್ತು. ಸಿಕ್ಕಿಬೀಳುವಂತಿದ್ದ ಒಂದು ಹರಳಿನ ಬೆನ್ನು ಹತ್ತಿದ. ಅದು ಮೆಟ್ಟಿಲು ಮೆಟ್ಟಿಲಾಗಿ ಹಲಗೆಯುದ್ದಕ್ಕೂ ಜಾರಿತು. ಮೂಲೆಯಲ್ಲಿ ಮೊದಲೇ ಕೂತಿದ್ದ ಇನ್ನೊಂದು ಹರಳಿಗೆ ಹೋಗಿ ಕೂಡಿಕೊಂಡಿತು. ಅಟ್ಟಿಸಿಕೊಂಡು ಬಂದ ಇವನ ಸಾಲಿನಲ್ಲೆಲ್ಲ ಸಂದು ಬಿದ್ದು, ಬೀಜಗಳು ಒಂದರ ಹಿಂದೊಂದು ಸೆರೆಯಾದವು. ಪಾಲಯ್ಯ ಸಿಟ್ಟಿನಿಂದ ಹಲಗೆ ನೂಕಿದ.

ದಸ್ತಗೀರ ಎದ್ದು ಹೋಗಲಿಲ್ಲ. ಚೆಲ್ಲಿದ್ದನ್ನೆಲ್ಲ ಆಯ್ದು ತಂದು, ಅದೇ ಆಟವನ್ನು ಮೊದಲಿನಿಂದ ಇಡುತ್ತ ಬಂದ. ಇಲ್ಲಿ ಚಲೋ ಜಾಗ ಹಿಡಿದಿದ್ದಿ, ಇಲ್ಲಿ ನನಗೇ ದಿಗಿಲಾಗಿತ್ತು ಎಂದೆಲ್ಲ ಹೇಳುತ್ತ, ಬೆನ್ನು ಹತ್ತಿದ ಕಡೆಗೆ ಬಂದು ಕೈ ನಿಲ್ಲಿಸಿದ.

"ಇಲ್ಲಿ ನಿನ್ನ ಕಣ್ಣು ಎಲ್ಲಿತ್ತಲೇ?"

"ನಿನ್ನ ಹರಳಿನ ಮ್ಯಾಲ."

"ಅಟ್ಟಿಸೋದು ತಪ್ಪಲ್ಲ. ಅದು ಓಡಿ ಎಲ್ಲಿ ಮುಟ್ಟತೈತಿ ಅಂತ ಮೊದಲು ನೋಡಬೇಕು. ಈಗ ನೀನ ಹೇಳು, ಬ್ಯಾರೆ ಎಲ್ಲಿ ಇಡ್ತಿ?"

ಪಾಲಯ್ಯ ಬಹಳ ಹೊತ್ತು ನೋಡಿದ. ಹರಳಿನ ಮೈಗೆ ತಾಗಿಸದೆ, ಒಂದು ಮನೆ ಬಿಟ್ಟು ಓಡುವ ದಾರಿಗೆ ಅಡ್ಡ ಇಟ್ಟ. ದಸ್ತಗೀರ ಅತ್ತ ಓಡಿಸಿದ, ಇತ್ತ ಓಡಿಸಿದ, ದಾರಿ ಸಿಗಲಿಲ್ಲ. ನಕ್ಕು ಹರಳನ್ನೆತ್ತಿ ಅವನ ಅಂಗೈಗೆ ಹಾಕಿದ. ಪಾಲಯ್ಯನ ಕಣ್ಣು ತುಂಬಿ ಬಂತು. ಸೋತಾಗ ಬೈದವರಿದ್ದರು, ಹಂಗಿಸಿದವರಿದ್ದರು. ಅವನ ಸೋಲನ್ನು ಪಕ್ಕದಲ್ಲಿ ಕೂತು ಇಷ್ಟು ಮರ್ಯಾದೆಯಿಂದ ನೋಡಿದವರು ಇರಲಿಲ್ಲ.

ಎಲುಬು ಕೂಡಿತು, ಕುಂಟು ಉಳಿಯಿತು. ಪಾಲಯ್ಯ ಹೆಂಡತಿಯ ತವರು ಸಿರುಗುಪ್ಪದಲ್ಲಿ ಗರಡಿ ತೆರೆದ. ಅಲ್ಲಿ ಸೋತವನಿಗೆ ಬೈಗುಳವಿಲ್ಲ. ಇಬ್ಬರನ್ನೂ ಮತ್ತೆ ನಿಲ್ಲಿಸಿ, ಅದೇ ಕುಸ್ತಿಯನ್ನು ನಿಧಾನವಾಗಿ ಹಿಡಿಸುತ್ತಿದ್ದ. ಎಲ್ಲಿ ಕಾಲು ತಪ್ಪಿತೆಂದು ಅವರಿಂದಲೇ ಹೇಳಿಸುತ್ತಿದ್ದ. ನಾಲ್ಕು ವರ್ಷಕ್ಕೆ ಅವನ ಶಿಷ್ಯ, ಹಚ್ಚೊಳ್ಳಿಯ ಜಡೆಪ್ಪ, ಬಳ್ಳಾರಿಯ ಕುಸ್ತಿ ಕಣದಲ್ಲಿ ಗೆದ್ದ.

ಪಾಲಯ್ಯ ಅವನನ್ನು ಕರೆದುಕೊಂಡು ನೇರ ಅದೇ ಊರಿನ ಕೌಲ್ ಬಜಾರಿಗೆ ಹೋದ. ದಸ್ತಗೀರ ಅಲ್ಲಿ ಮನೆ ಮಾಡಿದ್ದ.

"ನೀ ಅವತ್ತು ಎದ್ದು ಹೋಗಿದ್ರ ನಾ ಇವತ್ತಿಗೂ ಮಂಚದಾಗ ಇರ್ತಿದ್ದೆ," ಎಂದ ಪಾಲಯ್ಯ.

ದಸ್ತಗೀರ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದ. ಹೆಂಡತಿ ಕುಬ್ರಾಬಿ ಬಿಸಿ ರೊಟ್ಟಿ ಬಡಿದು ಹಾಕಿದಳು. ಗೆಳೆಯರಿಬ್ಬರೂ ಜಡೆಪ್ಪನೂ ಒಟ್ಟಿಗೆ ಕೂತು ಉಂಡರು.